ಕಡ, ಎರವಲು, ಬಾಡಿಗೆ: ನಮ್ಮ ಭಾಗದ ಸಾಮಾನಿನ ಇತಿಹಾಸ

ಸಂಘದ ಶೇರು ಬಂಡವಾಳ ಎಷ್ಟಿತ್ತು, ಎಷ್ಟಾಯಿತು, ಠೇವು ಎಷ್ಟು, ವಸೂಲಿ ಎಷ್ಟು ಎಂಬುದನ್ನೆಲ್ಲ ಮಾನ್ಯ ಅಧ್ಯಕ್ಷರೂ ಕಾರ್ಯದರ್ಶಿಗಳೂ ಈ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ವಿವರವಾಗಿ ಬರೆದಿದ್ದಾರೆ. ಅಂಕಿ-ಸಂಖ್ಯೆಗಳನ್ನು ಅವರಿಗೇ ಬಿಟ್ಟು ನಾವು ಸಂಘದ ಹಿಂದಿನ ಗೋದಾಮಿನ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದಿದ್ದೇವೆ. ಗೊಬ್ಬರದ ಚೀಲಗಳ ಆಚೆ, ಗೋಡೆಗೆ ಹಚ್ಚಿ ಇಟ್ಟ ಔಷಧ ಹೊಡೆಯುವ ಪಂಪು, ತಾಡಪತ್ರಿ, ಅಡಿಗೆಯ ಭಾಂಡೆ, ಜಮಖಾನೆ, ಹೊರಗೆ ತಗಡಿನ ಕೆಳಗೆ ನಿಂತ ಟ್ರ್ಯಾಕ್ಟರು, ರೋಟಾವೇಟರು, ಬಿತ್ತುವ ಕೂರಿಗೆ ಇವೆಲ್ಲ ಯಾರ ಸೊತ್ತು? ಕೇಳಿದರೆ ಎಲ್ಲರೂ "ಸಂಘದ್ದು" ಅಂತಾರೆ. ಸಂಘದ್ದು ಅಂದರೆ ಯಾರದ್ದು ಎಂದು ಮತ್ತೆ ಕೇಳಿದರೆ ಸ್ವಲ್ಪ ಹೊತ್ತು ಸುಮ್ಮನಿದ್ದು "ನಮ್ಮದ" ಅಂತಾರೆ. ಆ ಸ್ವಲ್ಪ ಹೊತ್ತಿನ ಸುಮ್ಮನಿರುವಿಕೆ ಯಾಕೆ, ಅದರ ಹಿಂದೆ ಏನೇನು ನಡೆದಿದೆ ಎಂಬುದೇ ಈ ಲೇಖನದ ವಿಷಯ. ನಾವು ಎಸ್.ಎಸ್.ಎಲ್.ಸಿ. ತನಕ ಕಲಿತು ಒಕ್ಕಲುತನ ಹಿಡಿದವರು. ಹಿರಿಯರಿಂದ ಕೇಳಿದ್ದು, ಅಷ್ಟಿಷ್ಟು ಓದಿದ್ದು, ಉಳಿದದ್ದು ಕಣ್ಣಾರೆ ಕಂಡದ್ದು ಇಲ್ಲಿದೆ.

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಒಬ್ಬರ ಸಾಮಾನು ಇನ್ನೊಬ್ಬರ ಮನೆಗೆ ಹೋಗುವುದಕ್ಕೆ ಮೂರು ಮಾತುಗಳಿವೆ. ಒಂದು, ಕಡ. ಹೊತ್ತಲ್ಲದ ಹೊತ್ತಿನಲ್ಲಿ ಬೀಗರು ಬಂದರು, ಹಿಟ್ಟು ತೀರಿತ್ತು, ಬಾಜೂ ಮನೆಯಿಂದ ಒಂದು ಬಟ್ಟಲು ಹಿಟ್ಟು ಕಡ ತರುತ್ತಾರೆ. ಉಂಡು ಮುಗಿದ ಹಿಟ್ಟು ತಿರುಗಿ ಕೊಡಲಿಕ್ಕೆ ಬರುವುದಿಲ್ಲ, ಅದೇ ಬಟ್ಟಲಿನ ಅಳತೆಯಲ್ಲಿ ಬೇರೆ ಹಿಟ್ಟು ಕೊಡಬೇಕು. ಎರಡನೆಯದು ಎರವಲು. ಏಣಿ, ಕೊಡಲಿ, ಹಗ್ಗ ಎರವಲು ತಂದರೆ ಅದೇ ಏಣಿ, ಅದೇ ಕೊಡಲಿ ತಿರುಗಿ ಹೋಗಬೇಕು, ರೊಕ್ಕದ ಮಾತಿಲ್ಲ. ಮೂರನೆಯದು ಬಾಡಿಗೆ. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಕಡಕ್ಕೆ ಅಳತೆ ಇದೆ, ಬಾಡಿಗೆಗೆ ದರ ಇದೆ. ಎರವಲಿಗೆ ಇವೆರಡೂ ಇಲ್ಲ. ಅದಕ್ಕಿರುವುದು ಹಂಗು. ಏಣಿ ಕೊಟ್ಟವನು ನಾಳೆ ನಿಮ್ಮ ಎತ್ತು ಕೇಳಿದರೆ ಇಲ್ಲ ಅನ್ನಲಾಗದು, ಪಂಚಾಯಿತಿ ಚುನಾವಣೆಯಲ್ಲಿ ಕೈ ಮುಗಿದು ನಿಂತರೂ ಇಲ್ಲ ಅನ್ನಲಾಗದು. "ಎಲ್ಲಾರೂ ಕೂಡಿ ಬಾಳೋ ಕಾಲ ಹ್ವಾತು" ಎಂದು ಹಳಬರು ಮರುಗುವಾಗ ಈ ಹಂಗಿನ ಲೆಕ್ಕವನ್ನು ಯಾರೂ ಹೇಳುವುದಿಲ್ಲ. ಆದ್ದರಿಂದ ಅದನ್ನೂ ಕೂಡಿಸಿಯೇ ಬರೆಯುತ್ತೇವೆ.

ಮೊದಲು ಎತ್ತಿನ ಮಾತು. ನಮ್ಮ ಅಜ್ಜನ ಕಾಲದಲ್ಲಿ ಊರಿನ ಎಲ್ಲ ಮನೆಯಲ್ಲಿ ಜೋಡೆತ್ತು ಇರಲಿಲ್ಲ. ಒಂದೇ ಎತ್ತು ಇದ್ದವರು ಬಹಳ. ಒಂದೆತ್ತಿನ ಇಬ್ಬರು ಕೂಡಿ ಜೋಡು ಮಾಡಿಕೊಂಡು, ಇವತ್ತು ನಿನ್ನ ಹೊಲ, ನಾಳೆ ನನ್ನ ಹೊಲ ಎಂದು ರಂಟೆ ಹೊಡೆಯುತ್ತಿದ್ದರು. 1876ರಿಂದ 78ರ ತನಕ ಬಿದ್ದ ದೊಡ್ಡ ಬರದಲ್ಲಿ ನಮ್ಮ ಈ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಜನರೂ ದನಗಳೂ ಲೆಕ್ಕವಿಲ್ಲದಷ್ಟು ಸತ್ತವು. ಆಮೇಲೆ ಸರಕಾರ 1884ರಲ್ಲಿ ಬೀಜಕ್ಕೆ, ಎತ್ತಿಗೆ ಸಾಲ ಕೊಡುವ ಕಾಯ್ದೆ ಮಾಡಿತು. ಅದನ್ನೇ ಹಿರಿಯರು ತಗಾವಿ ಅನ್ನುತ್ತಿದ್ದರು. ತಗಾವಿ ಸಿಕ್ಕವರು ಎತ್ತು ತಂದರು, ಸಿಗದವರು ಜೋಡು ಹುಡುಕಿದರು. ಆಳಿನ ವಿಷಯದಲ್ಲೂ ಹೀಗೆಯೇ. ಇವತ್ತು ನಿಮ್ಮ ಜೋಳ ಕೊಯ್ಯಲಿಕ್ಕೆ ನಮ್ಮ ಮನೆಯ ಇಬ್ಬರು ಬಂದರೆ ನಮ್ಮ ಕೊಯ್ಲಿಗೆ ನಿಮ್ಮ ಮನೆಯ ಇಬ್ಬರು ಬರಬೇಕು. ಅದು ಮುಯ್ಯಾಳು. ಬರೆದಿಡುವ ಪುಸ್ತಕವಿಲ್ಲ, ಆದರೆ ಯಾರ ಮನೆಯಿಂದ ಎಷ್ಟಾಳು ಬಾಕಿ ಎಂಬುದು ಹೆಣ್ಣುಮಕ್ಕಳ ಬಾಯಾಗ ಇರುತ್ತಿತ್ತು.

ಕರಿಕೆ ಬೆಳೆದ ಹೊಲದ ಮಾತು ಬೇರೆ. ಎರೆ ಮಣ್ಣಿನಲ್ಲಿ ಕರಿಕೆಯ ಬೇರು ಮೊಳಗಟ್ಟಲೆ ಆಳಕ್ಕೆ ಇಳಿದಿರುತ್ತದೆ. ಅದನ್ನು ಕೀಳಬೇಕಾದರೆ ದೊಡ್ಡ ರಂಟೆಗೆ ನಾಲ್ಕು ಜೋಡಿ, ಆರು ಜೋಡಿ ಎತ್ತು ಹೂಡಬೇಕು. ಊರಿನ ಯಾವ ಒಕ್ಕಲಿನ ಮನೆಯಲ್ಲಿ ಆರು ಜೋಡಿ ಇತ್ತು? ಆದ್ದರಿಂದ ಕರಿಕೆ ಕಿತ್ತುವುದು ಒಬ್ಬನ ಕೆಲಸ ಎಂದೂ ಆಗಿರಲಿಲ್ಲ. ಕಬ್ಬಿಣದ ರಂಟೆ ಬಂದಾಗ ಇದು ಇನ್ನಷ್ಟು ಅನುಕೂಲವಾಯಿತು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ ಕಿರ್ಲೋಸ್ಕರರು ಅಲ್ಲಿಯೇ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ರಂಟೆ ತಯಾರಿಸಿ, 1910ರಲ್ಲಿ ಔಂಧ ಸಂಸ್ಥಾನದ ಬಯಲಿಗೆ ಕಾರಖಾನೆ ಒಯ್ದರು. ಅದೇ ಮುಂದೆ ಕಿರ್ಲೋಸ್ಕರವಾಡಿಯಾಯಿತು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ಮೊದಮೊದಲು ರೈತರು ಹಿಂದೆ ಸರಿದರಂತೆ. ಭೂಮಿಗೆ ವಿಷವೇನೂ ಏರಲಿಲ್ಲ. ಆದರೆ ಕಬ್ಬಿಣದ ರಂಟೆ ಬಂದ ಮೇಲೆ ಊರಿನಲ್ಲಿ ಹೊಸದೊಂದು ಭೇದ ಬಂತು. ಕಟ್ಟಿಗೆಯ ರಂಟೆಯನ್ನು ಬಡಿಗೇರರು ಆಯದ ಕಾಳಿಗೆ ಮಾಡಿಕೊಡುತ್ತಿದ್ದರು, ಅದು ಎಲ್ಲರ ಮನೆಯಲ್ಲೂ ಇತ್ತು. ಕಬ್ಬಿಣದ್ದಕ್ಕೆ ರೊಕ್ಕ ಎಣಿಸಬೇಕು, ಆದ್ದರಿಂದ ಅದು ಎರಡು ಮೂರು ಮನೆಯಲ್ಲಿ ಮಾತ್ರ. ಉಳಿದವರು ಅವರ ಮನೆಯ ಕಟ್ಟೆಗೆ ಹೋಗಿ ನಿಲ್ಲಬೇಕು. ಇಲ್ಲಿಂದ ಎರವಲಿನ ಹಂಗು ದೊಡ್ಡದಾಯಿತು ಎಂದು ನಮ್ಮ ಅಭಿಪ್ರಾಯ.

ಬಾಡಿಗೆ ಎಂಬುದು ಪ್ಯಾಟಿಯಿಂದ ಬಂದ ಹೊಸ ರೂಢಿ ಎಂದು ತಿಳಿದವರಿಗೆ ಕುರಿ ತರುಬುವುದನ್ನು ನೆನಪು ಮಾಡಿಕೊಡಬೇಕು. ಸುಗ್ಗಿ ಮುಗಿದ ಮೇಲೆ ಕುರುಬರ ಹಿಂಡು ಬಂದು ಹೊಲದಲ್ಲಿ ರಾತ್ರಿ ಮಲಗುತ್ತದೆ. ಇಷ್ಟು ರಾತ್ರಿಗೆ ಇಷ್ಟು ಕಾಳು ಎಂದು ಹೊಲದವನು ಕೊಡುತ್ತಾನೆ. ಕುರಿಯೂ ಅವನದಲ್ಲ, ಹಿಂಡೂ ಅವನದಲ್ಲ, ಹಿಕ್ಕೆ-ಗಂಜಳ ಮಾತ್ರ ಹೊಲಕ್ಕೆ. ಇದು ಅಪ್ಪಟ ಬಾಡಿಗೆ, ಅದೂ ರೊಕ್ಕವಿಲ್ಲದ ಕಾಲದ್ದು. ಈಗಲೂ ನಡೆದಿದೆ, ರೊಕ್ಕದಲ್ಲಿ. ಇದರಲ್ಲಿ ಯಾರಿಗೂ ಯಾರ ಹಂಗೂ ಇಲ್ಲ.

ಗಾಣದ ಮಾತಿಗೆ ಬಂದರೆ ಬರೆದಷ್ಟೂ ಕಡಿಮೆ. ಘಟಪ್ರಭೆಗೆ ಧುಪದಾಳದಲ್ಲಿ 1897ರಲ್ಲಿ ಒಡ್ಡು ಕಟ್ಟಿ ಕಾಲುವೆ ತೆಗೆದ ಮೇಲೆ ನಮ್ಮ ಭಾಗದಲ್ಲಿ ನೀರಾವರಿ ಕಬ್ಬು ಹೆಚ್ಚಾಯಿತು. ಕಾಲುವೆಯ ನೀರು ಯಾರ ಸ್ವಂತದ್ದೂ ಅಲ್ಲ, ಪಾಳಿಯ ಮೇಲೆ ಬರತಕ್ಕದ್ದು. ಪಾಳಿ ಎಂಬ ಶಬ್ದ ನಮ್ಮ ಜನರ ರಕ್ತದಲ್ಲಿ ಸೇರಿದ್ದು ಬಾವಿಯಿಂದ ಮತ್ತು ಈ ಕಾಲುವೆಯಿಂದ. ಕಬ್ಬು ಬಂದ ಮೇಲೆ ಗಾಣ ಬೇಕು, ಬೆಲ್ಲ ಕುದಿಸುವ ದೊಡ್ಡ ಕೊಪ್ಪರಿಗೆ ಬೇಕು. ಎರಡೂ ಬಡ ರೈತನ ಕೈಗೆ ನಿಲುಕುವಂಥವಲ್ಲ, ವರ್ಷದಲ್ಲಿ ನಾಲ್ಕಾರು ದಿನದ ಕೆಲಸಕ್ಕೆ ಇಟ್ಟುಕೊಳ್ಳುವಂಥವೂ ಅಲ್ಲ. ದೂರದ ಬಿಹಾರದ ಬಿಹಿಯಾ ಎಂಬಲ್ಲಿ ಥಾಮ್ಸನ್ ಮತ್ತು ಮಿಲ್ನ್ ಎಂಬ ಇಬ್ಬರು ದೊರೆಗಳು 1870ರ ದಶಕದಲ್ಲಿಯೇ ಕಬ್ಬಿಣದ ಗಾಣ ಮಾಡಿಸಿ ರೈತರಿಗೆ ಬಾಡಿಗೆಗೆ ಕೊಡುವ ವ್ಯಾಪಾರ ಹೂಡಿದ್ದರು. ಮಾರುವುದಕ್ಕಿಂತ ಬಾಡಿಗೆಗೆ ಕೊಡುವುದು ಲಾಭ ಎಂದು ಅವರಿಗೆ ತಿಳಿದಿತ್ತು. ನಮ್ಮ ಕಡೆ ಗಾಣ ಇದ್ದವರು ಬಾಡಿಗೆಯನ್ನು ಬೆಲ್ಲದಲ್ಲಿಯೇ ಹಿಡಿಯುತ್ತಿದ್ದರು, ಇಷ್ಟು ಅಡಿಗೆಗೆ ಇಷ್ಟು ಪೆಂಟಿ ಎಂದು.

ಇಲ್ಲಿ ಒಂದು ಸೂಕ್ಷ್ಮವಿದೆ. ಕಡಿದ ಕಬ್ಬು ಕಾಯುವುದಿಲ್ಲ. ದಿನ ಕಳೆದಂತೆ ರಸ ಹುಳಿ ಹಿಡಿಯುತ್ತದೆ, ಬೆಲ್ಲ ಕಪ್ಪಾಗುತ್ತದೆ, ಮಹಾಲಿಂಗಪುರದ ಪ್ಯಾಟಿಯಲ್ಲಿ ಕರಿ ಬೆಲ್ಲಕ್ಕೆ ಯಾರೂ ದರ ಹಚ್ಚುವುದಿಲ್ಲ. ಆದ್ದರಿಂದ ಗಾಣದ ಬಾಡಿಗೆ ಎಷ್ಟು ಎನ್ನುವುದಕ್ಕಿಂತ ಗಾಣದ ಪಾಳಿ ಯಾವಾಗ ಎನ್ನುವುದೇ ದೊಡ್ಡ ಪ್ರಶ್ನೆ. ಗಾಣದ ಧಣಿ ತನ್ನ ಕಬ್ಬು ಮೊದಲು, ಅಳಿಯಂದು ಆಮೇಲೆ, ಸಾಲ ಪಡೆದವನದು ಕಡೆಗೆ ಎಂದರೆ ಕೇಳುವವರಾರು? ಹಂಚಿಕೊಂಡು ಬಳಸುವ ಯಾವ ಸಾಮಾನಿನ ಕತಿ ತೆಗೆದರೂ ಕೊನೆಗೆ ಬಂದು ನಿಲ್ಲುವುದು ಇಲ್ಲಿಯೇ. ಎಲ್ಲರಿಗೂ ಒಂದೇ ದಿನ ಬೇಕಾದಾಗ ಮೊದಲು ಯಾರಿಗೆ? ಮುಂದೆ ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರಖಾನೆ ಬಂತು. ರೈತರೇ ಶೇರು ಹಾಕಿ ಮಾಡಿಕೊಂಡ ದೊಡ್ಡ ಗಾಣ ಅದು ಎನ್ನಬಹುದು. ಗಾಣ ದೊಡ್ಡದಾಯಿತು, ಕಟಾವಿನ ಪಾಳಿಯ ಪ್ರಶ್ನೆ ಮಾತ್ರ ಅಲ್ಲಿಗೂ ಬೆನ್ನು ಹತ್ತಿ ಹೋಯಿತು. ಕಬ್ಬು ಬೆಳೆದ ಯಾರನ್ನು ಕೇಳಿದರೂ ಹೇಳಿಯಾರು.

ಇನ್ನು ಮನೆಯೊಳಗಿನ ಸಾಮಾನು. ಶಾವಿಗೆಯ ಯಂತ್ರ ಓಣಿಗೊಂದು ಇರುತ್ತಿತ್ತು. ಬೇಸಿಗೆ ಬಂತೆಂದರೆ ಅದು ಮನೆಯಿಂದ ಮನೆಗೆ, ಹೊರಸಿನಿಂದ ಹೊರಸಿಗೆ ಹೋಗುತ್ತಿತ್ತು. "ಯಕ್ಕಾ, ನಾಳಿ ನಮ್ಮ ಪಾಳಿ ಮಾಡ್ರಿ, ಮಗಳ ಮನಿಗೆ ಕಳಸೋದೈತಿ" ಎಂದು ಹೇಳಿಟ್ಟರೆ ಸಾಕು. ಸವೆದ ಅಚ್ಚು ಬದಲಾಯಿಸಲಿಕ್ಕೆ ಎಲ್ಲ ಮನೆಯವರೂ ಎಂಟಾಣೆ, ರೂಪಾಯಿ ಹಾಕುತ್ತಿದ್ದರು. ಸಹಕಾರ ಸಂಘದ ಉಪವಿಧಿ ಓದದೆಯೇ ನಮ್ಮ ತಾಯಂದಿರು ಸವಕಳಿ ನಿಧಿ ನಡೆಸಿದ್ದರು ಅಂದಂಗಾಯ್ತು! ಗೋಕಾಕ, ಮೂಡಲಗಿ ಪ್ಯಾಟಿಯಲ್ಲಿ ತಾಸಿನ ಬಾಡಿಗೆ ಸೈಕಲ್ ಅಂಗಡಿಗಳು ಸಾಲಾಗಿ ಇದ್ದವು, ಮಡ್‌ಗಾರ್ಡಿನ ಮೇಲೆ ನಂಬರು ಬರೆದ ಸೈಕಲ್ಲುಗಳು. ನಮ್ಮ ವಯಸ್ಸಿನ ಬಹಳ ಮಂದಿ ಸೈಕಲ್ ಕಲಿತದ್ದು ಅವುಗಳ ಮೇಲೆಯೇ. ಮದುವೆಗೆ ಗ್ಯಾಸ್ ಬತ್ತಿ, ಧ್ವನಿವರ್ಧಕ ಬಾಡಿಗೆಗೆ ಬರುತ್ತಿದ್ದವು. ಗ್ಯಾಸ್ ಬತ್ತಿ ಹೋಯಿತು, ಸೈಕಲ್ ಅಂಗಡಿಯೂ ಹೋಯಿತು. ಪ್ರತಿ ಮನೆಗೂ ಮೋಟರ್ ಸೈಕಲ್ ಬಂತು. ಅದರ ಬಗ್ಗೆ ಮರುಗುವವರು ಯಾರೂ ಇಲ್ಲ, ನಾವೂ ಮರುಗುವುದಿಲ್ಲ. ದಿನಾ ಬೇಕಾದ ಸಾಮಾನು ಸ್ವಂತ ಇರಲಿ. ವರ್ಷಕ್ಕೆ ನಾಲ್ಕು ದಿನ ಬೇಕಾದದ್ದರ ಮಾತೇ ಬೇರೆ.

ಮದುವೆಯ ಭಾಂಡೆಯ ವಿಷಯವನ್ನು ಮುಚ್ಚಿಡದೆ ಬರೆಯಬೇಕು. ದೊಡ್ಡ ಹಂಡೆ, ತಪೇಲಿ, ಪರಾತ, ಕೊಳಗ ಇವು ನಮ್ಮ ಹಳ್ಳಿಗಳಲ್ಲಿ ಗುಡಿಯಲ್ಲಿಯೋ ಮಠದಲ್ಲಿಯೋ ಇರುತ್ತಿದ್ದವು. ದೈವದವರ ಭಾಂಡೆ ಎಂದು ಹೆಸರು. ಅಂಚಿನಲ್ಲಿ ಚುಕ್ಕಿ ಹೊಡೆದು ದೇವರ ಹೆಸರು ಕೆತ್ತಿಸಿರುತ್ತಿದ್ದರು. ಮದುವೆ, ಜವಳ, ತಿಥಿಗೆ ಒಯ್ದು ತಿಕ್ಕಿ ತೊಳೆದು ತಂದಿಡಬೇಕು, ಕೈಲಾದಷ್ಟು ಕಾಣಿಕೆ ಹಾಕಬೇಕು. ಕೇಳಲಿಕ್ಕೆ ಬಹಳ ಚಂದ. ಆದರೆ ದೈವದವರು ಅಂದರೆ ಊರಿನ ಎಲ್ಲರೂ ಅಲ್ಲ. ಹೊಲಗೇರಿ, ಮಾದರಕೇರಿಯವರಿಗೆ ಆ ಭಾಂಡೆ ಮುಟ್ಟಲಿಕ್ಕೆ ಕೊಡುತ್ತಿರಲಿಲ್ಲ. ಅವರ ಮದುವೆಗೆ ಅವರೇ ಕೇರಿಯ ಮನೆಮನೆಯ ಗಡಿಗೆ-ಬೋಗುಣಿ ಕೂಡಿಸಬೇಕಿತ್ತು. ಬಾವಿಯದೂ ಇದೇ ಕತಿ. 1955ರ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆಯಲ್ಲಿ ಬಾವಿ, ಕೆರೆ ಅಷ್ಟೇ ಅಲ್ಲ, ಹೋಟೆಲು-ಧರ್ಮಶಾಲೆಗಳಲ್ಲಿ ಸಾರ್ವಜನಿಕರಿಗೆಂದು ಇಟ್ಟ ಪಾತ್ರೆಗಳನ್ನು ಬಳಸದಂತೆ ತಡೆಯುವುದನ್ನೂ ಅಪರಾಧವೆಂದು ಬರೆದರು. ಪಾತ್ರೆಯ ಹೆಸರು ಕಾಯ್ದೆಯಲ್ಲಿ ಹಾಕಬೇಕಾಯಿತು ಅಂದರೆ ಆ ಪಾತ್ರೆಯಲ್ಲಿ ಎಷ್ಟು ವಿಷ ಕುದ್ದಿತ್ತು ಎಂಬುದನ್ನು ಓದುಗರೇ ತಿಳಿಯಬೇಕು. ನಮ್ಮ ಹಿಂದಿನವರು ಹಂಚಿಕೊಂಡು ಬಾಳಿದರು ಎನ್ನುವಾಗ ಯಾರ ಯಾರ ನಡುವೆ ಹಂಚಿಕೊಂಡರು ಎಂದೂ ಕೇಳಬೇಕಾಗುತ್ತದೆ.

ಇಲ್ಲಿಂದ ಸಹಕಾರದ ಇತಿಹಾಸಕ್ಕೆ ಬರುತ್ತೇವೆ. 1904ರಲ್ಲಿ ಸರಕಾರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಮಾಡಿತು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಆ ಹೆಸರನ್ನು ಪ್ರತಿ ಸಹಕಾರ ಸಪ್ತಾಹದಲ್ಲಿ ನಾವೆಲ್ಲ ಕೇಳುತ್ತೇವೆ. ಆದರೆ ಒಂದು ಸಂಗತಿ ಭಾಷಣದಲ್ಲಿ ಬರುವುದಿಲ್ಲ. 1904ರ ಕಾಯ್ದೆಯಲ್ಲಿ ಪತ್ತಿನ ಸಂಘಕ್ಕೆ ಮಾತ್ರ ಅವಕಾಶವಿತ್ತು, ಅಂದರೆ ರೊಕ್ಕದ ಸಾಲ. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸುವುದೇ ಆಗಿನ ತುರ್ತು. ಪತ್ತಿನ ಹೊರತಾದ ಕೆಲಸಕ್ಕೂ ಸಂಘ ಮಾಡಬಹುದು ಎಂದು ಆದದ್ದು 1912ರ ಕಾಯ್ದೆಯಿಂದ. ನಾವು ಆಗ ಮುಂಬಯಿ ಪ್ರಾಂತದಲ್ಲಿದ್ದೆವು. 1925ರ ಮುಂಬಯಿ ಸಹಕಾರ ಕಾಯ್ದೆಯಲ್ಲಿ ಸದಸ್ಯರಿಗೆ ಬೇಕಾದ ಸಾಲ, ಸಾಮಾನು ಅಥವಾ ಸೇವೆ ಒದಗಿಸುವ ಸಂಘ ಎಂದು ಸ್ಪಷ್ಟವಾಗಿ ಬರೆದರು. 1956ರಲ್ಲಿ ರಾಜ್ಯ ಒಂದಾದ ಮೇಲೆ 1959ರ ಕಾಯ್ದೆ ಬಂತು. ಹೀಗೆ ಕಾಗದದಲ್ಲಿ ದಾರಿ ತೆರೆದು ನೂರು ವರ್ಷ ಆಗಿದ್ದರೂ ಬಹುತೇಕ ಸೊಸೈಟಿಗಳು ಸಾಲ, ಗೊಬ್ಬರ, ರೇಶನ್ ಇಷ್ಟಕ್ಕೇ ನಿಂತವು. ಯಾಕೆ ಅಂದರೆ ಸಾಲ ಪುಸ್ತಕದಲ್ಲಿ ಇರುತ್ತದೆ, ಸಾಮಾನು ಮುರಿಯುತ್ತದೆ. ಮುರಿದದ್ದು ಯಾರು ಎಂಬ ಜಗಳ ಯಾವ ಕಾರ್ಯದರ್ಶಿಗೂ ಬೇಡ.

ನಮ್ಮ ಪಕ್ಕದ ಹುಕ್ಕೇರಿಯ ಉದಾಹರಣೆ ಇದಕ್ಕೆ ಅಪವಾದ. 1969ರಲ್ಲಿ ಅಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಹುಟ್ಟಿತು. ಸದಸ್ಯರು ಶೇರು ಹಾಕಿ ಕಂಬ, ತಂತಿ, ಟ್ರಾನ್ಸ್‌ಫಾರ್ಮರನ್ನು ಸಂಘದ ಸೊತ್ತು ಮಾಡಿಕೊಂಡರು. ದೇಶದಲ್ಲಿಯೇ ಇಂಥ ಸಂಘಗಳು ಬೆರಳೆಣಿಕೆಯವು. ತಂತಿಯನ್ನು ಯಾರೂ ಮನೆಗೆ ಒಯ್ದು ಇಟ್ಟುಕೊಳ್ಳಲಾರರು, ಆದರೆ ಬೆಳಕು ಎಲ್ಲರ ಮನೆಗೆ. ಎಂಥ ದೊಡ್ಡ ಸಾಮಾನನ್ನಾದರೂ ರೈತರು ಕೂಡಿ ಇಟ್ಟುಕೊಳ್ಳಬಹುದು ಎಂಬುದಕ್ಕೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ನಮ್ಮ ಸಂಘ ಸಣ್ಣದು. ಅದು ಸಾಮಾನಿಗೆ ಕೈ ಹಾಕಿದ್ದು ಔಷಧ ಹೊಡೆಯುವ ಪಂಪಿನಿಂದ. ಬೆನ್ನಿಗೆ ಕಟ್ಟುವ ಪಂಪು ಮೊದಲು ನಾಲ್ಕೈದು ಮನೆಯಲ್ಲಿತ್ತು. ಹುಳ ಬಿದ್ದರೆ ಎಲ್ಲರ ಹೊಲಕ್ಕೂ ಒಂದೇ ವಾರ ಬೀಳುತ್ತದೆ. ಪಂಪಿದ್ದವನು ತಂದು ಕೊಟ್ಟಾಗ ಹುಳ ದಂಟು ತಿಂದು ಮುಗಿಸಿರುತ್ತಿತ್ತು. ಸಂಘ ಪಂಪು ತಂದು ದಿನಬಾಡಿಗೆಗೆ ಇಟ್ಟಿತು. ಆಮೇಲೆ ರಾಶಿಗೆ ತಾಡಪತ್ರಿ, ಅರಿಷಿಣ ಕುದಿಸುವ ಕಡಾಯಿ, ಅದಾದ ಮೇಲೆ ಅಡಿಗೆಯ ಭಾಂಡೆ. ಭಾಂಡೆ ತರುವ ಠರಾವಿಗೆ ಸಭೆಯಲ್ಲಿ ವಿರೋಧ ಬಂತು. "ಗುಡಿಯಾಗ ಇದ್ದಾವಲ್ರಿ, ಸೊಸೈಟಿಗೆ ಯಾಕ ಬೇಕು ಈ ಉಸಾಬರಿ?" ಎಂದರು ಕೆಲವು ಹಿರಿಯರು. ಹಿಂದಿನ ಸಾಲಿನಿಂದ ಒಬ್ಬ ತರುಣ ಎದ್ದು ನಿಂತು, "ಕಾಕಾ, ಗುಡಿಯಾಗಿನವು ನಿಮಗ ಅದಾವು" ಎಂದ. ಅಷ್ಟೇ. ಆಮೇಲೆ ಯಾರೂ ಮಾತಾಡಲಿಲ್ಲ, ಠರಾವು ಪಾಸಾಯಿತು.

ಸಂಘದ ಪಾವತಿಯ ಮೇಲೆ ಸದಸ್ಯನ ನಂಬರು, ಸಾಮಾನಿನ ಹೆಸರು, ದಿನ, ಬಾಡಿಗೆ, ಠೇವಣಿ ಇಷ್ಟು ಕಾಲಮ್ಮುಗಳಿವೆ. ಕೇರಿಯ ಕಾಲಮ್ಮಿಲ್ಲ. ಮೊದಲ ವರ್ಷ ಕೆಲವು ಮನೆಯವರು "ಯಾರ್ಯಾರ ಮನಿಗೆ ಹೋಗಿ ಬಂದಾವೋ" ಎಂದು ಸಂಘದ ಭಾಂಡೆ ಬಿಟ್ಟು ಗುಡಿಯದನ್ನೇ ಒಯ್ದರು. ಸಂಘದವು ಸ್ಟೀಲಿನವು, ಹಗುರ, ಎಣಿಕೆಗೆ ಸಮ, ದೂರದ ಊರಿಗೂ ಒಯ್ಯಬಹುದು. ನಾಲ್ಕೈದು ವರ್ಷದೊಳಗೆ ಆ ಮನೆಗಳೂ ಸರತಿಯಲ್ಲಿ ನಿಂತವು. ಮನಸ್ಸು ಬದಲಾಯಿತೋ, ತಾಮ್ರದ ಹಂಡೆ ಹೊರುವ ಆಳು ಸಿಗದಾಯಿತೋ, ನಾವು ವಿಚಾರಿಸಲಿಕ್ಕೆ ಹೋಗಿಲ್ಲ. ಬಾಡಿಗೆ ಕೊಟ್ಟು ಒಯ್ದ ತಪೇಲಿಗೆ ಯಾರಿಗೂ ಕೈ ಮುಗಿಯಬೇಕಾಗಿಲ್ಲ, ಇದಂತೂ ಖರೆ.

ಟ್ರ್ಯಾಕ್ಟರಿನ ಕತಿ ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಮೊದಲು ಅದರ ಹಿನ್ನೆಲೆ ಹೇಳಬೇಕು. ದೇಶದ ಕೃಷಿ ಗಣತಿ ನೋಡಿದರೆ 1970–71ರಲ್ಲಿ ಸರಾಸರಿ ಹಿಡುವಳಿ 2.28 ಹೆಕ್ಟೇರು, ಅಂದರೆ ಐದೂವರೆ ಎಕರೆಗೆ ಮೇಲೆ. 2015–16ರಲ್ಲಿ ಅದು 1.08 ಹೆಕ್ಟೇರಿಗೆ ಇಳಿಯಿತು, ಎರಡೂ ಮುಕ್ಕಾಲು ಎಕರೆಯೂ ಪೂರ್ತಿ ಇಲ್ಲ. ಹೊಲ ಅರ್ಧವಾಯಿತು, ಯಂತ್ರ ಮಾತ್ರ ದೊಡ್ಡದಾಗುತ್ತ ಹೋಯಿತು. ಎರಡೂ ಮುಕ್ಕಾಲು ಎಕರೆಯವನಿಗೆ ರೋಟಾವೇಟರಿನಿಂದ ವರ್ಷಕ್ಕೆ ಒಂದೆರಡು ದಿನದ ಕೆಲಸ. ಉಳಿದ ದಿನ ಅದು ಅಂಗಳದಲ್ಲಿ ನಿಂತು ಬಡ್ಡಿ ತಿನ್ನುತ್ತದೆ. ಬ್ಯಾಂಕಿನ ಸಾಲದಲ್ಲಿ ಟ್ರ್ಯಾಕ್ಟರು ತಂದು, ಕಂತು ಕಟ್ಟಲಾಗದೆ, ಟ್ರ್ಯಾಕ್ಟರೂ ಹೋಗಿ ಹೊಲವನ್ನೂ ಮಾರಿದ ಮನೆಗಳನ್ನು ನಾವೆಲ್ಲ ಕಂಡಿದ್ದೇವೆ. ಅವರ ಹೆಸರು ಬೇಡ. ಅಂಗಳದಲ್ಲಿ ಟ್ರ್ಯಾಕ್ಟರಿದ್ದರೆ ಮಗನಿಗೆ ಹೆಣ್ಣು ಸಿಗುತ್ತದೆ ಎಂಬ ಮಾತೂ ಇದೆ, ಅದನ್ನು ನಗೆಯಾಡಿ ಬಿಡುವಂತಿಲ್ಲ. ಸೊತ್ತಿನಲ್ಲಿ ಮರ್ಯಾದೆಯೂ ಕೂಡಿಕೊಂಡಿರುತ್ತದೆ.

ಎತ್ತುಗಳು ಕಡಿಮೆಯಾದ ಮೇಲೆ ಊರಿಗೆ ಬಾಡಿಗೆಯ ಟ್ರ್ಯಾಕ್ಟರು ಅನಿವಾರ್ಯವಾಯಿತು. ಖಾಸಗಿಯವರು ತಾಸಿನ ಲೆಕ್ಕದಲ್ಲಿಯೋ ಎಕರೆ ಲೆಕ್ಕದಲ್ಲಿಯೋ ಹೊಡೆಯುತ್ತಾರೆ. ಸಣ್ಣ ಹೊಲ, ಮೂಲೆಯ ಹೊಲ, ದಾರಿಯಿಲ್ಲದ ಹೊಲ ಅಂದರೆ ಬರಲೊಲ್ಲರು. ತಿರುಗಿಸಲಿಕ್ಕೇ ಹೊತ್ತು ಹೋಗುತ್ತದೆ ಅಂತಾರೆ, ಅದೂ ಸುಳ್ಳಲ್ಲ. ಸಂಘ ಟ್ರ್ಯಾಕ್ಟರು ತಂದದ್ದು ಇಂಥ ಹೊಲದವರಿಗಾಗಿ.

ಮಿರಗದ ಮಳೆ ಬಿದ್ದರೆ ಎರೆಹೊಲದಲ್ಲಿ ಮೊದಲೆರಡು ದಿನ ಕಾಲಿಡಲಾಗದು. ಆಮೇಲೆ ಹದ ಬರುತ್ತದೆ. ಬಿಸಿಲು ಬಿದ್ದರೆ ಮೂರ್ನಾಲ್ಕು ದಿನದಲ್ಲಿ ಹದ ಆರುತ್ತದೆ. ಆ ಮೂರ್ನಾಲ್ಕು ದಿನದಲ್ಲಿ ಊರಿಗೆಲ್ಲ ಒಂದೇ ಟ್ರ್ಯಾಕ್ಟರು. ಮೊದಲಿನ ನಿಯಮ, ಪಾವತಿ ಹರಿದ ಕ್ರಮದಲ್ಲಿ ಹೊಲಕ್ಕೆ ಹೋಗಬೇಕು ಎಂದು. ಆದರೆ ಪಾವತಿಯ ಕ್ರಮದಲ್ಲಿ ಹೋದರೆ ಬೆಳಗ್ಗೆ ಮೂಡಣ ದಿಕ್ಕಿಗೆ, ಮಧ್ಯಾಹ್ನ ಪಡುವಣ ದಿಕ್ಕಿಗೆ, ಮತ್ತೆ ಮೂಡಣಕ್ಕೆ. ಡೀಸೆಲ್ಲೂ ಹೊತ್ತೂ ದಾರಿಯಲ್ಲಿಯೇ ಹೋಗುತ್ತವೆ. ಒಂದು ವರ್ಷ ಮಳೆ ತಡವಾಗಿ ಬಂದಿತ್ತು. ಚಾಲಕ ದಾರಿಯ ಮೇಲಿನ ಹೊಲಗಳನ್ನು ಒಂದರ ಹಿಂದೊಂದು ಹೊಡೆಯುತ್ತ ಹೋದ. ಬಾಜೂ ಹೊಲದವರು ಕೂಗಿ ಕರೆದರೆ ಅವನಾದರೂ ಏನು ಮಾಡಿಯಾನು? ಊರ ಕೊನೆಯಲ್ಲಿ ಒಂದೂವರೆ ಎಕರೆ ಇದ್ದ ಹೆಣ್ಣುಮಗಳು, ಗಂಡ ಇಲ್ಲದಾಕೆ, ಐದನೆಯ ದಿನ ಸಂಘದ ಬಾಗಿಲಿಗೆ ಬಂದು ಪಾವತಿ ಮೇಜಿನ ಮೇಲಿಟ್ಟಳು. "ನನ್ನ ಪಾವತಿ ಎಲ್ಲಾರಕಿಂತ ಮೊದಲ ಹರದದ್ದು ಐತಿ. ಹೊಲಕ್ಕ ಯಾಕ ಕಡೀಕ ಬಂತ್ರಿ? ರೊಕ್ಕ ತಿರಗಿ ಕೊಟ್ಟರ ಹದ ತಿರಗಿ ಬರತೈತೇನ್ರಿ?" ಎಂದು ಕೇಳಿದಳು. ಆಗ ನಾವು ಇನ್ನೂ ಆಡಳಿತ ಮಂಡಳಿಯಲ್ಲಿ ಇರಲಿಲ್ಲ, ಗೊಬ್ಬರಕ್ಕೆಂದು ಬಂದು ಪಡಸಾಲೆಯಲ್ಲಿ ನಿಂತಿದ್ದೆವು. ಆ ಮಾತಿಗೆ ಒಳಗೆ ಕೂತವರಲ್ಲಿ ಯಾರೂ ಉತ್ತರ ಕೊಟ್ಟದ್ದು ನಮಗೆ ನೆನಪಿಲ್ಲ.

ಆ ವರ್ಷದ ಸರ್ವಸಾಧಾರಣ ಸಭೆ ಬೆಳಗಿನಿಂದ ಸಂಜೆಯ ತನಕ ನಡೆಯಿತು. ಊರ ಹೊಲಗಳನ್ನು ನಾಲ್ಕು ದಿಕ್ಕಾಗಿ ಮಾಡಬೇಕು. ಪ್ರತಿ ವರ್ಷ ಮಳೆಗೆ ಮುಂಚೆ ಚೀಟಿ ಎತ್ತಿ ಯಾವ ದಿಕ್ಕು ಮೊದಲು ಎಂದು ಗೊತ್ತು ಮಾಡಬೇಕು. ದಿಕ್ಕಿನೊಳಗೆ ಪಾವತಿಯ ಕ್ರಮ. ಎಷ್ಟೇ ಹೊಲ ಇರಲಿ, ಮೊದಲ ಸುತ್ತಿನಲ್ಲಿ ಯಾರಿಗೂ ಎರಡು ಎಕರೆಗೆ ಹೆಚ್ಚಿಲ್ಲ, ಉಳಿದದ್ದು ಎರಡನೆಯ ಸುತ್ತಿನಲ್ಲಿ. ನಿರ್ದೇಶಕರ ಹೊಲ ಎರಡನೆಯ ಸುತ್ತಿನಲ್ಲಿಯೇ. ಈ ಕೊನೆಯ ಕಲಮಿಗೆ ಬಹಳ ಚಪ್ಪಾಳೆ ಬಿದ್ದವು, ಮುಂದಿನ ಚುನಾವಣೆಗೆ ಅರ್ಜಿ ಹಾಕುವವರು ಕಡಿಮೆಯಾದರು. ನಾವು ಬಂದದ್ದು ಹಾಗೆ ತೆರವಾದ ಜಾಗಕ್ಕೆ. ಎರಡನೆಯ ಸುತ್ತಿನಲ್ಲಿ ಬಿತ್ತಿದ ಹೆಸರು ಒಂದೆರಡು ವರ್ಷ ನಮಗೂ ಕೈಕೊಟ್ಟಿದೆ. ಮನೆಯಲ್ಲಿ ಬೈಸಿಕೊಂಡಿದ್ದೇವೆ.

ಈ ತೊಡಕು ನಮ್ಮೂರಿಗಷ್ಟೇ ಅಂಟಿದ್ದಲ್ಲ. ಫ್ರಾನ್ಸಿನಲ್ಲಿ ಮಹಾಯುದ್ಧ ಮುಗಿದ 1945ರಲ್ಲಿ ರೈತರು ಯಂತ್ರಗಳನ್ನು ಕೂಡಿ ಕೊಂಡು ಕೂಡಿ ಬಳಸುವ ಸಹಕಾರ ಸಂಘಗಳಿಗೆ ಕಾಯ್ದೆಯ ಮಾನ್ಯತೆ ಸಿಕ್ಕಿತು. ಜರ್ಮನಿಯ ಬವೇರಿಯ ಪ್ರಾಂತದ ಬುಖ್‌ಹೋಫೆನ್ ಎಂಬ ಹಳ್ಳಿಯಲ್ಲಿ 1958ರಲ್ಲಿ ಎರಿಖ್ ಗಾಯರ್ಸ್‌ಬರ್ಗರ್ ಎಂಬುವರು ಬೇರೆ ದಾರಿ ಹಿಡಿದರು. ಅಲ್ಲಿ ಯಂತ್ರ ಸಂಘದ್ದಲ್ಲ, ಆಯಾ ರೈತನದೇ. ಆದರೆ ಯಾರ ಹತ್ತಿರ ಯಾವ ಯಂತ್ರ ಖಾಲಿ ಇದೆ, ಯಾರಿಗೆ ಬೇಕಾಗಿದೆ ಎಂದು ಬರೆದಿಟ್ಟು ಕೂಡಿಸುವ ಕೆಲಸ ಸಂಘದ್ದು. ದರವನ್ನೂ ಮುಂಚೆಯೇ ಗೊತ್ತು ಮಾಡಿರುತ್ತಾರೆ. ಯಂತ್ರದ ಉಂಗುರ ಎಂದು ಅದರ ಹೆಸರು. ಮುಯ್ಯಾಳಿಗೆ ಒಬ್ಬ ಗುಮಾಸ್ತನನ್ನೂ ದರಪಟ್ಟಿಯನ್ನೂ ಕೊಟ್ಟರೆ ಹೇಗೋ ಹಾಗೆ.

ನಮ್ಮ ಸರಕಾರಗಳೂ ಸುಮ್ಮನಿಲ್ಲ. 1960ರ ದಶಕದ ಕೊನೆಯಲ್ಲಿ ಕೃಷಿ ಕೈಗಾರಿಕಾ ನಿಗಮಗಳನ್ನು ಮಾಡಿ ಹೊಲ ಮಟ್ಟ ಮಾಡಲಿಕ್ಕೆ ಬುಲ್ಡೋಜರು, ಟ್ರ್ಯಾಕ್ಟರು ಬಾಡಿಗೆಗೆ ಕೊಟ್ಟರು. ಕರ್ನಾಟಕದಲ್ಲಿ 2014–15ರಿಂದ ಕೃಷಿ ಯಂತ್ರಧಾರೆ ಎಂಬ ಹೆಸರಿನಲ್ಲಿ ಹೋಬಳಿ ಮಟ್ಟದ ಬಾಡಿಗೆ ಕೇಂದ್ರಗಳು ಬಂದವು. 2023ರಲ್ಲಿ ಕೇಂದ್ರದ ಸಹಕಾರ ಮಂತ್ರಾಲಯ ಪ್ರಾಥಮಿಕ ಸಂಘಗಳಿಗೆಂದು ಮಾದರಿ ಉಪವಿಧಿ ಕಳಿಸಿತು, ಅದರಲ್ಲಿ ಯಂತ್ರ ಬಾಡಿಗೆಯ ಕೇಂದ್ರವೂ ಸೇರಿದೆ. ಅದೇ ವರ್ಷ ಹದಿನೈದು ಸಾವಿರ ಮಹಿಳಾ ಸ್ವಸಹಾಯ ಗುಂಪುಗಳಿಗೆ ಔಷಧ ಹೊಡೆಯುವ ಡ್ರೋನ್ ಕೊಟ್ಟು ಬಾಡಿಗೆ ನಡೆಸುವ ಯೋಜನೆಯನ್ನೂ ಸಾರಿದರು. ಶಾವಿಗೆ ಯಂತ್ರದ ಪಾಳಿ ನಡೆಸಿದವರ ಮೊಮ್ಮಕ್ಕಳು ಡ್ರೋನಿನ ಪಾಳಿ ನಡೆಸಲಾರದೆ ಇರುವರೇ? ಆದರೆ ಹೋಬಳಿಯ ಕೇಂದ್ರದಲ್ಲಿ ನಮ್ಮೂರ ಹದದ ಪಾಳಿ ನಿಲ್ಲುವುದು ಹಲವು ಊರುಗಳ ನಡುವೆ. ಮೂಡಲಗಿ 2018ರಲ್ಲಿ ತಾಲೂಕಾಯಿತು, ಕಚೇರಿ ಹತ್ತಿರ ಬಂತು. ಹದವೇನೂ ಉದ್ದವಾಗಲಿಲ್ಲ.

ಈ ಸಲದ ಸರ್ವಸಾಧಾರಣ ಸಭೆಯ ವಿಷಯ ಪತ್ರಿಕೆಯಲ್ಲಿ ಇದಕ್ಕೆ ಸಂಬಂಧಿಸಿದ ಎರಡು ವಿಷಯಗಳಿವೆ. ಸಂಘ ಎರಡನೆಯ ಟ್ರ್ಯಾಕ್ಟರು ಕೊಳ್ಳಬೇಕೋ, ಇಲ್ಲವೆ ಬವೇರಿಯದವರ ಹಾಗೆ ಊರಿನಲ್ಲಿ ಈಗಾಗಲೇ ಇರುವ ಸದಸ್ಯರ ಸ್ವಂತ ಟ್ರ್ಯಾಕ್ಟರುಗಳ ಹೆಸರು ಬರೆದುಕೊಂಡು ಸಂಘದ ಪಾವತಿಯ ಮೇಲೆ ಕಳಿಸಬೇಕೋ ಎಂಬುದು ಒಂದು. ಹೆಸರು ಬರೆಸಿದವರಿಗೆ ಬಾಡಿಗೆ ವಾರದೊಳಗೆ ಸಂಘದಿಂದ ಜಮಾ ಆಗುತ್ತದೆ, ವಸೂಲಿಯ ತಾಪತ್ರಯ ಅವರಿಗಿಲ್ಲ. ಹದದ ಮೊದಲ ದಿನ ತಮ್ಮ ಹೊಲ ಹೊಡೆದುಕೊಳ್ಳಲಿ, ಎರಡನೆಯ ದಿನದಿಂದ ಸಂಘದ ಪಾಳಿಗೆ ಬರಬೇಕು, ನೆಂಟರ ಹೊಲಕ್ಕಲ್ಲ ಎಂಬ ಷರತ್ತು ಹಾಕಿದ್ದೇವೆ. ಟ್ರ್ಯಾಕ್ಟರಿದ್ದ ಕೆಲವರು ಒಪ್ಪಿದ್ದಾರೆ, ಕೆಲವರು "ನೋಡೋಣು" ಅಂದಿದ್ದಾರೆ. ಇನ್ನೊಂದು ವಿಷಯ, ಒಂದೂವರೆ ಎಕರೆಗಿಂತ ಕಡಿಮೆ ಇದ್ದವರಿಗೆ ಬಾಡಿಗೆಯನ್ನು ಸುಗ್ಗಿಯ ತನಕ ಬಾಕಿ ಇಡಬೇಕು ಎಂಬುದು. ಅದನ್ನು ಬರೆದು ಕೊಟ್ಟವಳು ಆ ಊರ ಕೊನೆಯ ಹೊಲದ ಹೆಣ್ಣುಮಗಳೇ. ಈಗ ಆಕೆಯೂ ಸಂಘದ ಸದಸ್ಯೆ, ಶೇರು ಹಾಕಿ ಬಹಳ ವರ್ಷವಾಯಿತು. ಅನುಮೋದಕರ ಜಾಗ ಇನ್ನೂ ಖಾಲಿ ಇದೆ. ಸದಸ್ಯ ಬಾಂಧವರು ಸಭೆಗೆ ಬರುವಾಗ ಎರಡನ್ನೂ ಓದಿಕೊಂಡು ಬರಬೇಕು. ಟ್ರ್ಯಾಕ್ಟರಿನ ಹೆಸರು ಬರೆಸುವವರು ಮಿರಗಕ್ಕೆ ಮುಂಚೆ ಬರೆಸತಕ್ಕದ್ದು, ಪುಸ್ತಕ ಕಾರ್ಯದರ್ಶಿಗಳ ಮೇಜಿನ ಮೇಲೆ ಇಟ್ಟಿದೆ.